ತೂಕಕ್ಕೆ ಹೋದ ಬೆಳ್ಳಿ

ಅಜ್ಜಿಯ ಬೆಳ್ಳಿ ಒಳಲೆ, ಪಂಚಪಾತ್ರೆ, ಎರಡು ಬಟ್ಟಲು ಎಲ್ಲವನ್ನೂ ಅಂಗಡಿಗೆ ಹಾಕಿ ವರಮಹಾಲಕ್ಷ್ಮಿಗೆ ಹೊಸ ಮುಖವಾಡ ತಂದಿದ್ದಾರೆ. ಅತ್ತಿಗೆ ವಿಡಿಯೋ ಕಾಲ್‌ನಲ್ಲಿ ಖುಷಿಯಿಂದ ತೋರಿಸಿದರು. ‘ಆಂಟಿಕ್ ಫಿನಿಶ್’ ಬೇರೆ! ಹಳೆಯದನ್ನು ಕರಗಿಸಿ, ಹಳೆಯದರಂತೆ ಕಾಣುವುದನ್ನು ತರುವ ಜಾಣತನ ನನ್ನ ತಲೆಗಂತೂ ಹೋಗಲಿಲ್ಲ. “ಕಪ್ಪಗಾಗಿ ಮೂಲೆಯಲ್ಲಿ ಬಿದ್ದಿತ್ತಲ್ಲೋ, ಯಾರು ತಿಕ್ತಾರೆ?” ಅಂದರು.

ನಾನಿರುವ ಇಂಗ್ಲೆಂಡಿನ ಶೆಫೀಲ್ಡ್ ಚಾಕು-ಚಮಚಗಳ ಊರು. ಇಲ್ಲಿಯ ಮಕ್ಕಳಿಗೂ ಅಪ್ಪ-ಅಮ್ಮನ ಬೆಳ್ಳಿ ಬೇಡ. ಡಿಶ್‌ವಾಷರ್‌ಗೆ ಹಾಕಿದರೆ ಹೊಳಪು ಹೋಗುತ್ತದೆ, ಮೊಟ್ಟೆ ತಿಂದರೆ ಚಮಚ ಕಪ್ಪಾಗುತ್ತದೆ, ಮೀನಿಗೆಂದೇ ಬೇರೆ ಚಾಕು ಜೋಡಿಸಿಟ್ಟು ಊಟ ಮಾಡುವ ಪುರುಸೊತ್ತೂ ಯಾರಿಗೂ ಇಲ್ಲ. ಪಕ್ಕದ ಮನೆಯ ಅಜ್ಜಿಯೊಬ್ಬರು ತಮ್ಮ ಅತ್ತೆಯಿಂದ ಬಂದ ಪೆಟ್ಟಿಗೆ ತೆರೆದು ತೋರಿಸಿದರು. ಒಳಗೆ ನೀಲಿ ಮಖಮಲ್ಲು, ಒಂದೊಂದು ಚಮಚಕ್ಕೂ ಅದರದೇ ಜಾಗ. ಮಗುಚಿ ನೋಡಿದರೆ ಹಿಡಿಯ ಹಿಂದೆ ಸಾಲಾಗಿ ಪುಟ್ಟ ಮುದ್ರೆಗಳು. ನಡೆಯುವ ಸಿಂಹವಿದ್ದರೆ ನೂರಕ್ಕೆ 92.5 ಪಾಲು ಬೆಳ್ಳಿ. ಕಿರೀಟವಿದ್ದರೆ ಶೆಫೀಲ್ಡಿನಲ್ಲೇ ಶುದ್ಧತೆಯ ಪರೀಕ್ಷೆಯಾದದ್ದು, 1975ರಿಂದ ಈಚಿನದಕ್ಕೆ ಗುಲಾಬಿ ಹೂವು. ಪಕ್ಕದ ಅಕ್ಷರ ಇಸವಿಯದು. 1773ರಲ್ಲಿ ಶುರುವಾದ ಈ ಊರಿನ ಪರೀಕ್ಷಾ ಕಚೇರಿ ಇವತ್ತಿಗೂ ಮುದ್ರೆ ಹಾಕುತ್ತಿದೆ. ಪಟ್ಟಿ ಹಿಡಿದು ಕೂತರೆ ಚಮಚ ಯಾವ ವರ್ಷದ್ದೆಂದು ಹೇಳಬಹುದು. ಮಕ್ಕಳು ಬೇಡವೆಂದರೂ ಅದು ಹರಾಜಿಗೋ ಹಳೆ ಸಾಮಾನಿನ ಅಂಗಡಿಗೋ ಹೋಗಿ, ಚಮಚವಾಗಿಯೇ ಇನ್ನೊಬ್ಬರ ಮನೆ ಸೇರುತ್ತದೆ.

ನಮ್ಮಲ್ಲೇನು ಗುರುತು ಇರಲಿಲ್ಲವೇ? ಬಟ್ಟಲ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ಹೆಸರು ಕೊರೆಸಿತ್ತು. ಕೊರೆದವನು ಒಂದು ಒತ್ತು ನುಂಗಿಬಿಟ್ಟಿದ್ದ. ಅಜ್ಜಿ ಕೊನೆಯವರೆಗೂ ಅವನನ್ನು ಬೈದರು. ಅಂಗಡಿಯವನು ಅದನ್ನು ಓದಿರಲಿಕ್ಕಿಲ್ಲ. ತಕ್ಕಡಿಗಿಟ್ಟ, ಗ್ರಾಮ್ ಹೇಳಿದ, ಮುಗಿಯಿತು.

ಇಲ್ಲಿಯವರೂ ಮಹಾ ಸಾಚಾಗಳಲ್ಲ ಅನ್ನಿ. 1980ರ ಜನವರಿಯಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ 50 ಡಾಲರಿನ ಹತ್ತಿರ ಹೋದಾಗ ಇಲ್ಲಿಯ ಟೀಪಾಟು, ತಟ್ಟೆಗಳೂ ಸಾಕಷ್ಟು ಕುಲುಮೆ ಸೇರಿದವು. ಮತ್ತೆ, ನಮ್ಮಲ್ಲಿ ಬೆಳ್ಳಿ ಬರೀ ಅಂದಕ್ಕಲ್ಲ, ಕಷ್ಟಕಾಲಕ್ಕೆ ಅಡವಿಡುವುದಕ್ಕೂ ಆಗಬೇಕಿತ್ತು. ಅಮ್ಮನ ಹತ್ತಿರ ಗೊಣಗಿದ್ದಕ್ಕೆ, “ಆ ಬಟ್ಟಲು ಎಲ್ಲಿಂದ ಬಂತು ಅಂದ್ಕೊಂಡೆ? ನಿಮ್ಮಜ್ಜಿ ಅವರತ್ತೆಯ ಕಾಲ್ಗಡಗ ಕರಗಿಸಿ ಮಾಡಿಸಿದ್ದು” ಎಂದು ನನ್ನ ಬಾಯಿ ಮುಚ್ಚಿಸಿದರು.

ಸರಿ, ಒಪ್ಪಿದೆ. ಆದರೆ ಆಗ ಅಕ್ಕಸಾಲಿ ಜಗಲಿಯ ಮೇಲೆ ಕೂತು, ಮನೆಯವರ ಕಣ್ಣೆದುರೇ ಕರಗಿಸಿ, ಅದೇ ಬೆಳ್ಳಿಯಲ್ಲಿ ಬಟ್ಟಲು ಮಾಡಿಕೊಡುತ್ತಿದ್ದ. ಈಗಿನ ಅಂಗಡಿಯವರು ಹಳೆಯದಕ್ಕೆ ವೇಸ್ಟೇಜ್ ಅಂತ ಕಳೆಯುತ್ತಾರೆ, ಹೊಸದಕ್ಕೆ ಮೇಕಿಂಗ್ ಚಾರ್ಜ್ ಅಂತ ಕೂಡಿಸುತ್ತಾರೆ. ಈ ಲೆಕ್ಕವನ್ನಾದರೂ ಅತ್ತಿಗೆ ಕೇಳಿದ್ದರೋ ಇಲ್ಲವೋ.