ಬೆಕ್ಕಣ್ಣನಿಗೊಂದು ಭಾಮಿನಿ

ಕನ್ನಡದ ಗಾದೆಗಳನ್ನು ನಂಬಿ ನಡೆದರೆ ಬೆಕ್ಕು ಸಾಕುವವರು ಯಾರೂ ಉಳಿಯುವುದಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಕಳ್ಳತನ ಅದರದು, ಇಲಿಗೆ ಪ್ರಾಣಸಂಕಟವಾಗಿರುವಾಗ ಚೆಲ್ಲಾಟ ಅದರದು, ಅದರ ಕೊರಳಿಗೆ ಗಂಟೆ ಕಟ್ಟುವ ಚಿಂತೆ ಮಾತ್ರ ಉಳಿದವರದು. ಹೊರಡುವಾಗ ಅಡ್ಡ ಬಂದರೆ ಚಪ್ಪಲಿ ಕಳಚಿ, ಒಂದು ಗಳಿಗೆ ಕೂತು, ನೀರು ಕುಡಿದು ಹೋಗುವ ಪದ್ಧತಿಯನ್ನು ಧಾರವಾಡದ ಹಳೆಯ ಮನೆಗಳು ಇನ್ನೂ ಪೂರ್ತಿ ಬಿಟ್ಟಿಲ್ಲ. ನಾಯಿಗೆ ನಿಯತ್ತು, ಹಸುವಿಗೆ ಸತ್ಯ, ಗಿಳಿಗೆ ಮುದ್ದುಮಾತು ಎಂದು ಹಂಚಿಕೊಟ್ಟ ನಮ್ಮ ಪರಂಪರೆ ಬೆಕ್ಕಿನ ಪಾಲಿಗೆ ಉಳಿಸಿದ್ದು ಅಪವಾದವೊಂದನ್ನೇ. ಆದ್ದರಿಂದ ಬೆಕ್ಕುಪ್ರಿಯರಾದವರು ತಮ್ಮ ಪ್ರೀತಿಯನ್ನು ನೇರವಾಗಿ ಹಾಡಲು ನಾಚಿಕೊಂಡು, ಅಣಕವಾಡಿನ ಮರೆಯಲ್ಲಿ ನಿಂತು ಹಾಡುವುದು ಸಹಜವೇ ಆಗಿದೆ. ನಗೆಯ ನೆಪದಲ್ಲಿ ಏನನ್ನು ಹೊಗಳಿದರೂ ನಡೆಯುತ್ತದೆ.

ಅಣಕವಾಡಿನ ಮರ್ಮ ಬಹಳ ಸರಳವಾದದ್ದು: ಛಂದಸ್ಸಿನ ಗಾಂಭೀರ್ಯ ಒಂದು ಕೂದಲೆಳೆಯಷ್ಟೂ ಅಲುಗಬಾರದು, ಒಳಗಿನ ವಸ್ತು ಮಾತ್ರ ಅಡುಗೆಮನೆಯ ಮಟ್ಟಕ್ಕೆ ಇಳಿಯಬೇಕು. ಛಂದಸ್ಸೇ ಕುಂಟಿದರೆ ಅದು ಅಣಕವಲ್ಲ, ಬರೀ ಕೆಟ್ಟ ಪದ್ಯ. ಈ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಭಾಮಿನಿ ಷಟ್ಪದಿಗಿಂತ ಒಳ್ಳೆಯ ಪಾತ್ರೆ ಇನ್ನೊಂದಿಲ್ಲ. ಹುಬ್ಬಳ್ಳಿಯ ಹತ್ತಿರದ ಕೋಳಿವಾಡದವನೆಂದು ಹೇಳಲಾಗುವ ಕುಮಾರವ್ಯಾಸನು ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕೂತು ಕುರುಕ್ಷೇತ್ರವನ್ನು ಹರಿಸಿದ್ದು ಇದೇ ಛಂದಸ್ಸಿನಲ್ಲಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆ (ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆ), ಮೂರು ಮತ್ತು ಆರನೆಯ ಸಾಲುಗಳಲ್ಲಿ ಇನ್ನೊಂದು ಮೂರು-ನಾಲ್ಕು ಸೇರಿ, ಕೊನೆಗೆ ಎರಡು ಮಾತ್ರೆಯ ಒಂದು ಗುರು ಕೂತು 23 ಮಾತ್ರೆ, ಒಟ್ಟು 102. ಇದರ ಮೇಲೆ ಆರೂ ಸಾಲುಗಳ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ಆದಿಪ್ರಾಸದ ಕಟ್ಟಳೆ ಬೇರೆ. ಭೀಮನ ಗದೆಯನ್ನು ಹೊತ್ತ ಈ ನಡಿಗೆಯ ಹೆಗಲಿಗೆ ಒಂದು ಬೋಗುಣಿ ಹಾಲನ್ನು ಏರಿಸಿದಾಗ ಏನಾಗುತ್ತದೆಂದು ನೋಡುವ ಚಪಲ ನನಗೆ ಹುಟ್ಟಿತು.

ಬಾಲವೆತ್ತಿದ ಧೀರ ಬೆಕ್ಕಣ
ಕಾಲಸಪ್ಪಳವಿರದೆ ಬಂದನು
ಹಾಲಗಡಲನು ಕಡೆವ ದೇವರ ತೆರದಿ ಬಗ್ಗಿದನು
ಮೇಲೆ ಕೆನೆಯಿದೆ ಕೆಳಗೆ ಹಾಲಿದೆ
ಕಾಲ ಕೂಡಿದೆ ಮನೆಯು ಮಲಗಿದೆ
ಸೋಲನರಿಯದ ಮೀಸೆ ಮುಳುಗಿತು ಕೆನೆಯ ಮಡುವಿನೊಳು

ನಮ್ಮ ಓಣಿಯಲ್ಲಿ ನಿವೃತ್ತ ಕನ್ನಡ ಮಾಸ್ತರರಾದ ಕಾಕಾ ಒಬ್ಬರಿದ್ದಾರೆ. ಗಮಕದಲ್ಲಿ ಪಳಗಿದ ಗಂಟಲು ಅವರದು. ಈ ಪದ್ಯವನ್ನು ಅವರ ಮುಂದೆ ಇಟ್ಟಾಗ ಅವರು ಮೊದಲು ಮಾಡಿದ್ದು ಬೆರಳು ಮಡಿಚಿ ಮಾತ್ರೆ ಎಣಿಸಿದ್ದು. “ಪ್ರಾಸ ಕೂಡೇದ. ತಮ್ಮಾ, ಒಂದು ಮಾತು ನೆನಪಿಡು: ಇಲಿ ತಪ್ಪಿದರ ಬೆಕ್ಕು ಇನ್ನೊಂದು ಹಿಡೀತದ, ಪ್ರಾಸ ತಪ್ಪಿದರ ಕವಿಗೆ ಮಾಫಿ ಇಲ್ಲ,” ಎಂದರು. ಆಮೇಲೆ ಕಟ್ಟೆಯ ಮೇಲೆ ಕೂತೇ ರಾಗವೆಳೆದು ಹಾಡಿದರು. ಆಗ ನನಗೊಂದು ಸಂಗತಿ ಹೊಳೆಯಿತು. ಬೇರೆ ಯಾವ ಪ್ರಾಣಿಯನ್ನು ಈ ಛಂದಸ್ಸಿನಲ್ಲಿ ಕೂರಿಸಿದರೂ ಪ್ರಾಣಿಯೇ ನಗೆಪಾಟಲಾಗುತ್ತದೆ. ಎಮ್ಮೆಗೆ ಷಟ್ಪದಿ ಬರೆದರೆ ಕೇಳಿದವರು ಎಮ್ಮೆಯನ್ನು ನೋಡಿ ನಗುತ್ತಾರೆ. ಬೆಕ್ಕಿನ ವಿಷಯದಲ್ಲಿ ಹಾಗಾಗುವುದಿಲ್ಲ. ಕಾಕಾ ಮೂರನೆಯ ಸಾಲಿನಲ್ಲಿ ಆಲಾಪಕ್ಕೆ ಇಳಿದಿದ್ದಾಗ ಎದುರಿಗಿದ್ದ ಬೆಕ್ಕಣ್ಣ ಮುಂಗಾಲುಗಳನ್ನು ಜೋಡಿಸಿ, ಬಾಲವನ್ನು ಅವುಗಳ ಸುತ್ತ ಅಚ್ಚುಕಟ್ಟಾಗಿ ಸುತ್ತಿಕೊಂಡು, ಒಂದು ಕಿವಿಯನ್ನು ಮಾತ್ರ ನಮ್ಮ ಕಡೆಗೆ ತಿರುಗಿಸಿ, ಇದು ತನಗೆ ಎಂದೋ ಸಲ್ಲಬೇಕಾಗಿದ್ದ ಬಾಕಿ ಎಂಬಂತೆ ಕೂತಿತ್ತು. ಮಹಾಕಾವ್ಯದ ಭಾರ ಅದಕ್ಕೆ ಹೆಚ್ಚಾಗಲಿಲ್ಲ. ನಗೆಗೀಡಾದವರು ಒಂದು ಬೋಗುಣಿ ಹಾಲು ಕಾಯಲಾಗದ ಮನೆಯವರು.

ಬೆಕ್ಕಿನ ಅಣಕವಾಡು ಕೊನೆಗೆ ತಿವಿಯುವುದು ಮನೆಯ ಯಜಮಾನನನ್ನು, ಬೆಕ್ಕನ್ನಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಮಹಾಬಲಿಪುರಂನಲ್ಲಿ 7ನೇ ಶತಮಾನದ ಪಲ್ಲವರು ಬಂಡೆಯಲ್ಲಿ ಕಡೆದ ದೊಡ್ಡ ಶಿಲ್ಪದಲ್ಲಿ, ಒಂಟಿ ಕಾಲಿನ ಮೇಲೆ ನಿಂತು ಕೈಗಳನ್ನು ಮೇಲೆತ್ತಿ ತಪಸ್ಸು ಮಾಡುವ ಕೃಶದೇಹದ ತಪಸ್ವಿಯೊಬ್ಬನಿದ್ದಾನೆ. ಅದೇ ಬಂಡೆಯ ಕೆಳಭಾಗದಲ್ಲಿ ಒಂದು ಬೆಕ್ಕು ಹಿಂಗಾಲುಗಳ ಮೇಲೆ ನಿಂತು, ಮುಂಗಾಲುಗಳನ್ನು ತಲೆಯ ಮೇಲೆತ್ತಿ ತಾನೂ ತಪಸ್ಸಿಗೆ ತೊಡಗಿದೆ; ಸುತ್ತಲೂ ಇಲಿಗಳು. ಕಪಟ ಸನ್ಯಾಸಿಯ ಕತೆ ಅದು ಎಂದು ಹೇಳುವುದುಂಟು. ನನಗಾದರೋ ಅದು ಕಲ್ಲಿನಲ್ಲಿ ಬರೆದ ಅಣಕವಾಡಾಗಿಯೇ ಕಾಣುತ್ತದೆ: ಭಂಗಿ ಅದೇ, ಶ್ರದ್ಧೆಯೂ ಅದೇ, ಬೇಡುವ ವರ ಮಾತ್ರ ಬೇರೆ.

ಇಂಗ್ಲಿಷ್ ಕವಿಗಳೂ ಈ ದಾರಿಯಲ್ಲಿ ನಡೆದವರೇ. ಲೇಖಕ ಹೊರೇಸ್ ವಾಲ್ಪೋಲ್ ಸಾಕಿದ ಬೆಕ್ಕು ಬಂಗಾರದ ಮೀನಿನ ಆಸೆಗೆ ಪಿಂಗಾಣಿ ತೊಟ್ಟಿಗೆ ಬಿದ್ದು ಸತ್ತಾಗ, ಥಾಮಸ್ ಗ್ರೇ 1747ರಲ್ಲಿ ವೀರರಿಗೆ ಸಲ್ಲುವ ಗತ್ತಿನಲ್ಲಿಯೇ ಅದಕ್ಕೊಂದು ಚರಮಗೀತೆ ಬರೆದ. 1994ರಲ್ಲಿ ಅಮೆರಿಕದ ಹಾಸ್ಯಲೇಖಕ ಹೆನ್ರಿ ಬಿಯರ್ಡ್ ಒಂದು ಹೆಜ್ಜೆ ಮುಂದೆ ಹೋಗಿ, ಹೆಸರಾಂತ ಕವಿಗಳ ಮನೆಯ ಬೆಕ್ಕುಗಳೇ ಬರೆದವೆಂಬ ಸೋಗಿನಲ್ಲಿ ಅಣಕಪದ್ಯಗಳ ಪುಸ್ತಕವನ್ನೇ ತಂದ. ಬೆಕ್ಕನ್ನು ನಾಯಕನ ಸ್ಥಾನದಿಂದ ಎಬ್ಬಿಸಿ ಕವಿಯ ಗಾದಿಯ ಮೇಲೆ ಕೂರಿಸಿದ ಈ ಯುಕ್ತಿಗೆ ನಾನು ಮರುಳಾದದ್ದುಂಟು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಷಟ್ಪದಿಗೆ ಬಂದ ಒಂದು ಆಕ್ಷೇಪಣೆ. ದನದ ದವಾಖಾನೆಯ ಡಾಕ್ಟರೊಬ್ಬರು ಅದನ್ನು ಕೇಳಿ, ಪದ್ಯ ಚೆನ್ನಾಗಿದೆ, ಪಥ್ಯ ತಪ್ಪಾಗಿದೆ ಎಂದರು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಇನ್ನೂ ವಿಚಿತ್ರವೆಂದರೆ, ಸಿಹಿಯನ್ನು ಗುರುತಿಸುವ ನಾಲಗೆಯ ಗ್ರಾಹಕಕ್ಕೆ ಬೇಕಾದ ಒಂದು ಜೀನು ಬೆಕ್ಕಿನ ಕುಲದಲ್ಲಿ ಕೆಲಸ ಮಾಡುವುದೇ ಇಲ್ಲ. ಧಾರವಾಡದಲ್ಲಿ ಹುಟ್ಟಿ, ಫೇಡೆಯ ವಾಸನೆಯಲ್ಲಿ ಬೆಳೆದು, ಅದರ ಸಿಹಿಯನ್ನು ಎಂದೂ ಅರಿಯದೆ ಬದುಕುವ ಪ್ರಾಣಿಯ ಮೇಲೆ ಒಂದು ಕರುಣರಸದ ಖಂಡಕಾವ್ಯವನ್ನೇ ಬರೆಯಬಹುದು. ಆದರೆ ಕರುಣೆಗೆ ಬೆಕ್ಕಣ್ಣ ಅವಕಾಶ ಕೊಡುವುದಿಲ್ಲ. ಅದು ಫೇಡೆಯ ಮೇಲಿನ ಸಕ್ಕರೆಪುಡಿಯನ್ನು ಮೂತಿಯಿಂದ ಆಚೆ ಸರಿಸಿ, ಒಳಗಿನ ಖೋವಾದ ಜಿಡ್ಡನ್ನಷ್ಟೇ ನೆಕ್ಕಿ, ಉಳಿದ ಉಂಡೆಯನ್ನು ಕಾಟಿನ ಕೆಳಗೆ ಉರುಳಿಸಿಬಿಡುತ್ತದೆ.

ಎಲ್ಲ ಛಂದಸ್ಸೂ ಬೆಕ್ಕಿಗೆ ಒಗ್ಗುವುದಿಲ್ಲವೆಂದೂ ಹೇಳಬೇಕು. ವಚನದ ಧಾಟಿಯನ್ನು ನಾನು ಮುಟ್ಟುವುದಿಲ್ಲ. ಅಂಕಿತದ ಜಾಗದಲ್ಲಿ ಯಾರದೋ ಇಷ್ಟದೈವವಿರುತ್ತದೆ, ಅಲ್ಲಿ ಬೆಕ್ಕನ್ನು ಕೂರಿಸುವುದು ಹಾಸ್ಯವಲ್ಲ, ಉದ್ಧಟತನ. ತ್ರಿಪದಿಯ ಮಾತು ಬೇರೆ. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಗಂಡನ ಮನೆಯ ದೂರನ್ನೆಲ್ಲ ಮೂರೇ ಸಾಲಿನಲ್ಲಿ ತುಂಬಿದ ಪ್ರಕಾರವಾದ್ದರಿಂದ, ಬೆಕ್ಕಿನ ಮೇಲಿನ ದೂರಿಗೂ ಅದರಲ್ಲಿ ಧಾರಾಳವಾಗಿ ಜಾಗವಿದೆ. ನಮ್ಮ ಅಕ್ಕನ ಪರವಾಗಿ ಒಂದು ಬರೆದುಕೊಟ್ಟೆ:

ಬೆಕ್ಕೊಂದು ಮನಿಯೊಳಗ ಹೊಕ್ಕಿತ್ತು ನೋಡವ್ವ
ಅಕ್ಕನಾ ಗಾದಿ ತನದಂತ ಮಲಗೀತ
ಅಕ್ಕನಿಗ ಚಾಪಿ ನೆಲದಾಗ

ಅಕ್ಕ ಇದನ್ನು ಕೇಳಿ ನಕ್ಕಳಾದರೂ ಬೆಕ್ಕನ್ನು ಗಾದಿಯಿಂದ ಎಬ್ಬಿಸಲಿಲ್ಲ. ಮಲಗಿದ್ದನ್ನು ಎಬ್ಬಿಸಿದರೆ ಪಾಪ ಬರುತ್ತದೆ ಎಂದಳು. ಈ ಪಾಪ ನನ್ನನ್ನು ಎಬ್ಬಿಸುವಾಗ ಅವಳಿಗೆ ನೆನಪಾದದ್ದಿಲ್ಲ.

ಇನ್ನು ಬೆಕ್ಕೇ ಕವಿಯಾದರೆ ಅದು ಯಾವ ಮಾರ್ಗದ ಕವಿಯಾದೀತು ಎಂಬ ಪ್ರಶ್ನೆ. ಪ್ರಕೃತಿಯ ಸೌಂದರ್ಯವನ್ನು ಕಂಡು ಮೈಮರೆಯುವ ನವೋದಯ ಅದಕ್ಕೆ ಹೇಳಿಸಿದ್ದಲ್ಲ. ಹಕ್ಕಿಯನ್ನು ಕಂಡಾಗ ಅದರ ಮನಸ್ಸಿನಲ್ಲಿ ಏಳುವ ಭಾವ ಬೇರೆಯೇ. ಬಂಡಾಯಕ್ಕೆ ಬೇಕಾದ ಸಂಘಟನೆ ಅದರಿಂದ ಆಗುವ ಕೆಲಸವಲ್ಲ. ಬೆಕ್ಕು ಹುಟ್ಟಾ ನವ್ಯಕವಿ. ಒಂಟಿತನ, ಅನುಮಾನ, ಮಧ್ಯರಾತ್ರಿಯ ಎಚ್ಚರ, ಆಯ್ಕೆಯ ತೊಳಲಾಟ, ಓದುಗನ ಬಗ್ಗೆ ಸಂಪೂರ್ಣ ನಿರ್ಲಕ್ಷ್ಯ, ಇವೆಲ್ಲ ಅದಕ್ಕೆ ತಾಯಿಯ ಹೊಟ್ಟೆಯಿಂದಲೇ ಬಂದವು. ಧೋ ಎಂದು ಮಳೆ ಸುರಿಯುವ ಶ್ರಾವಣದ ರಾತ್ರಿಯಲ್ಲಿ ಬೆಕ್ಕಣ್ಣ ಹಿತ್ತಲಬಾಗಿಲ ಮುಂದೆ ಕೂತು ಕೂಗುವುದನ್ನು ಕೇಳಿ, ಎದ್ದು ಅಗಳಿ ತೆಗೆದು ನಿಂತಿದ್ದಾಗ, ಹೊಸ್ತಿಲ ಮೇಲೆ ಅರ್ಧ ಒಳಗೂ ಅರ್ಧ ಹೊರಗೂ ನಿಂತ ಆ ಕವಿಯ ಪರವಾಗಿ ನಾನು ಮನಸ್ಸಿನಲ್ಲಿಯೇ ಬರೆದುಕೊಂಡದ್ದು ಹೀಗಿತ್ತು:

ಬಾಗಿಲು
ತೆರೆಯಿರಿ ಎಂದೆ.
ತೆರೆದಿರಿ.
ಈಗ ಹೊರಗೆ
ಹೋಗಬೇಕೋ ಬೇಡವೋ ಎಂಬುದು
ನನ್ನ ಪ್ರಶ್ನೆ.
ಹಿಡಿದು ನಿಲ್ಲಿ.

ಬೆಳಿಗ್ಗೆ ಇದನ್ನು ಕಾಕಾ ಅವರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಇದರಾಗ ಅಣಕ ಎಲ್ಲದ? ದಿನಾ ರಾತ್ರಿ ನಮ್ಮನಿಯಾಗ ನಡಿಯೋದನ್ನ ಹಂಗ ವರದಿ ಮಾಡೀಯಲ್ಲ. ಮಾತ್ರಾ ಇಲ್ಲ, ಪ್ರಾಸ ಇಲ್ಲ. ಭಾಮಿನಿಯೊಳಗ ಕಟ್ಟಿಕೊಂಡು ಬಾ, ಆಮ್ಯಾಲ ನೋಡೋಣು,” ಎಂದು ಹಾಳೆಯನ್ನು ಹಿಂದಕ್ಕೆ ಕೊಟ್ಟರು.