ಏಕಾಂತಕ್ಕೆ ಸರದಿಯಲ್ಲಿ ಬನ್ನಿ

"ಭಾವ, ಒಂದು ನರಪಿಳ್ಳೆಯೂ ಕಾಣದ ಜಾಗಕ್ಕೆ ಹೋಗಿ ಎರಡು ದಿನ ಸುಮ್ಮನೆ ಇದ್ದು ಬರೋಣ" ಎಂದು ಭಾವಮೈದುನ ಫೋನು ಮಾಡಿದಾಗ ನನಗೆ ಅವನ ಮೇಲೆ ಮೊದಲ ಬಾರಿಗೆ ಗೌರವ ಮೂಡಿತು. ಮರುಮಾತಿಗೇ ಅದು ಇಳಿಯಿತು. "ಸದ್ಯಕ್ಕೆ ಹದಿನಾರು ಜನ ಆಗಿದ್ದೇವೆ. ನೀವೂ ಬಂದರೆ ಟೆಂಪೊ ಟ್ರಾವೆಲರ್ ಭರ್ತಿಯಾಗುತ್ತದೆ."

ಜಾಗ ಕುದುರೆಮುಖ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ, ಸುಮಾರು 600 ಚದರ ಕಿಲೋಮೀಟರ್ ಶೋಲಾ ಕಾಡು (ಬೆಟ್ಟದ ಮಡಿಲುಗಳಲ್ಲಿ ಬೆಳೆಯುವ ಗಿಡ್ಡ ಮರಗಳ ದಟ್ಟ ಕಾಡು) ಮತ್ತು ಹುಲ್ಲುಗಾವಲು. ಅಲ್ಲಿನ ಸಿಂಗಳೀಕಗಳನ್ನು ಎಂಬತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕೂತು ಲೆಕ್ಕ ಹಾಕಿದ್ದರಿಂದ ಈ ಕಾಡಿಗೆ ಒಂದು ಬೇಲಿಯ ಯೋಗ ಬಂತು. ಇಷ್ಟೆಲ್ಲ ಮಾಡಿ ಕೊನೆಗೆ ಅದಕ್ಕೆ 'ಉದ್ಯಾನ' ಎಂದು ಹೆಸರಿಟ್ಟಿದ್ದೇ ಎಡವಟ್ಟಾಯಿತೇನೋ. ಉದ್ಯಾನ ಎಂದರೆ ನಮ್ಮವರ ಕಣ್ಣಿಗೆ ಲಾಲ್‌ಬಾಗ್ ಕಟ್ಟುತ್ತದೆ. ಬೆಳಿಗ್ಗೆ ಎರಡು ಸುತ್ತು, ಗೇಟಿನ ಹತ್ತಿರ ಮೂಲಂಗಿ ರಸ, ನಡುವೆ ಬಂಡೆಯ ಮೇಲೆ ನಿಂತು ಒಂದು ಫೋಟೊ. ಕುದುರೆಮುಖಕ್ಕೂ ಅದೇ ಯೋಜನೆ, ಬಂಡೆ ಮಾತ್ರ 1,894 ಮೀಟರ್ ಎತ್ತರದ್ದು.

ಯೋಜನೆ ಎಂದೆನಲ್ಲ, ಆ ಪದಕ್ಕೆ ಇಷ್ಟು ಮರ್ಯಾದೆ ಪಂಚವಾರ್ಷಿಕ ಯೋಜನೆಗಳ ಕಾಲದಲ್ಲೂ ಇರಲಿಲ್ಲ. ಮೊದಲು ವಾಟ್ಸ್‌ಆ್ಯಪ್ ಗುಂಪು ಹುಟ್ಟಿತು. ಗುಂಪಿನ ಹೆಸರು ಏನಿರಬೇಕೆಂಬುದರ ಮೇಲೆ ಎರಡು ದಿನ ಚರ್ಚೆ ನಡೆದು, ಒಬ್ಬರು ಮುನಿಸಿಕೊಂಡು ಹೊರಹೋಗಿ, ಅವರನ್ನು ಒಲಿಸಿ ಮತ್ತೆ ಸೇರಿಸಿಕೊಂಡದ್ದಾಯಿತು. ಆಮೇಲೆ ಒಂದು ಎಕ್ಸೆಲ್ ಹಾಳೆ ಬಂತು. ಅದರಲ್ಲಿ ನಮ್ಮ ಶನಿವಾರವನ್ನು ಐದೈದು ನಿಮಿಷಕ್ಕೆ ಕೊಯ್ದು ಜೋಡಿಸಲಾಗಿತ್ತು. 9.40ರಿಂದ 9.55: ನಿಸರ್ಗ ಸವಿಯುವುದು. 9.55: ಗುಂಪು ಚಿತ್ರ. 10.05: ಜಿಗಿಯುವ ಚಿತ್ರ. 10.10: ಜಿಗಿಯುವ ಚಿತ್ರ (ಮೊದಲ ಸಲ ಸರಿಬರದಿದ್ದವರಿಗೆ). ಎಲ್ಲ ಸಾಲುಗಳಿಗೂ ಹಸಿರು, ಹಳದಿ, ಕೆಂಪು ಬಣ್ಣ. 'ಮೌನ' ಎಂಬ ಒಂದು ಸಾಲು ಕೆಂಪಿನಲ್ಲಿತ್ತು. ಕೇಳಿದರೆ, ಅದಕ್ಕೆ ಇನ್ನೂ ಯಾರೂ ಹೊಣೆ ಹೊತ್ತಿಲ್ಲ ಎಂದರು.

ಭಾವಮೈದುನ ತನ್ನ ಪಾಲಿನ ಸಿದ್ಧತೆಯಾಗಿ ಒಂದು ಲೆನ್ಸ್ ಕೊಂಡ. ತೂಕ ಎರಡು ಕಿಲೊ, ಉದ್ದ ಪಡವಲಕಾಯಿಯಷ್ಟು, ಸಾಲದ ಕಂತು ಹದಿನೆಂಟು ತಿಂಗಳದ್ದು. ನಮ್ಮ ರಾಜ್ಯದ ಕೆಲವು ಸಫಾರಿಗಳಲ್ಲಿ ಕ್ಯಾಮೆರಾ ಶುಲ್ಕವನ್ನು ಲೆನ್ಸಿನ ಮಿಲಿಮೀಟರ್ ನೋಡಿ ಹಾಕುತ್ತಾರೆ, ಹೂವಾಡಗಿತ್ತಿ ಮೊಳ ಹಾಕಿದ ಹಾಗೆ. ತಂಗಿಯ ಗಂಡನೊಬ್ಬ ಆ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಂಡು ನೆಂಟರಿಗೆಲ್ಲ ತೋರಿಸಿದ್ದು ಇವನಿಗೆ ಚುಚ್ಚಿತ್ತಂತೆ. "ದೂರದ ಪ್ರಾಣಿಗಳನ್ನು ಹತ್ತಿರಕ್ಕೆ ಎಳೆದುಕೊಳ್ಳಬಹುದು, ಭಾವ" ಎಂದ. ಕುದುರೆಮುಖದ ಪಕ್ಕದ ಊರಾದ ಕಳಸದ ಜುಲೈ ಮಳೆಯಲ್ಲಿ ನಮ್ಮ ಕೈಯೇ ನಮಗೆ ದೂರದ ಪ್ರಾಣಿಯಂತೆ ಕಾಣುತ್ತದೆ ಎಂಬುದನ್ನು ನಾನು ಹೇಳಲಿಲ್ಲ. ಕಂತು ಕಟ್ಟುವವನು ಅವನು.

ಇನ್ನು ಅನುಮತಿ. ಹಿಂದೆಲ್ಲ ಬೆಟ್ಟ ಹತ್ತಲು ಕಾಲು ಬೇಕಿತ್ತು, ಈಗ ಬೆರಳು ಬೇಕು. ಇದಕ್ಕೆ ಕಾರಣ ನಾವೇ. 2024ರ ಗಣರಾಜ್ಯೋತ್ಸವದ ಉದ್ದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ನೆರೆದ ಜನಸ್ತೋಮದ ದೃಶ್ಯ ಎಲ್ಲರ ಮೊಬೈಲಿನಲ್ಲೂ ಹರಿದಾಡಿತ್ತು. ನಮ್ಮ ಅತ್ತೆಯವರು ಅದನ್ನು ನೋಡಿ, ಕುಕ್ಕೆಯ ಚಂಪಾಷಷ್ಠಿ ಈ ವರ್ಷ ಜನವರಿಯಲ್ಲಿ ಬಂತೇ ಎಂದು ಪಂಚಾಂಗ ತೆಗೆದಿದ್ದರು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ಸರ್ಕಾರ ಆಗ ತಡೆಹಿಡಿಯಿತು. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಜಾಲತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಬಂತು. ಮಿತಿ ಸರಿಯಾದದ್ದೇ. ಆದರೆ ಮಿತಿ ಎಂದೊಡನೆ ನಮಗೆ ರುಚಿ ಹೆಚ್ಚು. ಮದುವೆ ಮನೆಯಲ್ಲಿ ಹೋಳಿಗೆ ಮುಗಿಯುತ್ತಿದೆ ಎಂಬ ಸುದ್ದಿ ಬಂದರೆ ಮಧುಮೇಹಿಗಳೂ ಎಲೆಯ ಮುಂದೆ ನೆಟ್ಟಗೆ ಕೂರುವುದಿಲ್ಲವೇ?

ಬುಕಿಂಗ್ ತೆರೆಯುವ ದಿನ ಹದಿನೇಳು ಜನ ಹದಿನೇಳು ಫೋನು ಹಿಡಿದು ಕೂತೆವು. ಎಲ್ಲರಿಗೂ ಆಧಾರ್ ಸಂಖ್ಯೆ ಬಾಯಿಪಾಠ. ನಮ್ಮ ಗುಂಪಿನ ಹುಡುಗಿಯೊಬ್ಬಳು ಕಚೇರಿಯ ಸಭೆಯ ನಡುವೆ "ಸಿಕ್ಕಿತು!" ಎಂದು ಕಿರುಚಿದಳು. ಅಮೆರಿಕದ ಗ್ರಾಹಕರ ಗುತ್ತಿಗೆಯೇ ಸಿಕ್ಕಿತೆಂದು ಭಾವಿಸಿ ಅವಳ ಮೇಲಧಿಕಾರಿ ಚಪ್ಪಾಳೆ ತಟ್ಟಿದರಂತೆ. ಕೂಡಿ ಕಳೆದು ನೋಡಿದರೆ ನಮಗೆ ದಕ್ಕಿದ್ದು ಹದಿನಾಲ್ಕು ಚೀಟಿ. ಹೀಗೆ ನಮ್ಮ ಏಕಾಂತ ಹದಿನಾಲ್ಕಕ್ಕೆ ಇಳಿಯಿತು. ಉಳಿದ ಮೂವರು ಆ ಶನಿವಾರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದರು. ಹಿಂದಿರುಗಿ ನೋಡಿದರೆ ಹೊರಟ ಉದ್ದೇಶ ಪೂರೈಸಿದ್ದು ಆ ಮೂವರಿಗೆ ಮಾತ್ರ.

ಶುಕ್ರವಾರ ರಾತ್ರಿಯ ಪ್ರಯಾಣವನ್ನು ವಿವರಿಸುವುದಿಲ್ಲ. ಬೆಂಗಳೂರಿನಿಂದ ಹೊರಬೀಳಲು ಹಿಡಿದ ಹೊತ್ತಿನಲ್ಲಿ ಹಿಂದಿನವರು ಗಾಡಿ ಕಟ್ಟಿಕೊಂಡು ತಿಪಟೂರು ಮುಟ್ಟುತ್ತಿದ್ದರು ಎಂದರೆ ಸಾಕು. ನಮ್ಮ ಹಿಂದೆಯೂ ಮುಂದೆಯೂ ಟೆಂಪೊ ಟ್ರಾವೆಲರ್‌ಗಳು, ಒಳಗೆ ನೀಲಿ ದೀಪ, ಎಲ್ಲವೂ ನರಪಿಳ್ಳೆ ಕಾಣದ ಜಾಗಕ್ಕೇ ಹೊರಟಿದ್ದವು. ಕೊಟ್ಟಿಗೆಹಾರದ ನೀರುದೋಸೆಯ ಆಸೆ ಹೊತ್ತವರಿಗೆ ಆ ಊರು ದಾಟುವಾಗ ಬೆಳಗಿನ ಜಾವ ನಾಲ್ಕು ಗಂಟೆ, ದೋಸೆಯ ಕಾವಲಿಯೂ ನಿದ್ರಿಸುತ್ತಿತ್ತು.

ಬಾಳೆಗಲ್‌ನಲ್ಲಿ ಜೀಪು ಹತ್ತಿ ಮುಳ್ಳೋಡಿಗೆ ಬಂದೆವು. ಆ ರಸ್ತೆಯಲ್ಲಿ ಕುಲುಕಿಸಿಕೊಂಡ ಮೇಲೆ ನನ್ನ ಪಕ್ಕೆಲುಬುಗಳನ್ನು ಎಣಿಸಲು ಎಕ್ಸ್-ರೇ ಬೇಕಿರಲಿಲ್ಲ. ತನಿಖಾ ಠಾಣೆಯಲ್ಲಿ ಚೀಲ ಬಿಚ್ಚಿಸಿದರು. ಅಲ್ಲಿದ್ದ ನಡುವಯಸ್ಸಿನ ಕಾವಲುಗಾರರು, ಶಾಲೆಯಲ್ಲಿ ಹೋಂವರ್ಕ್ ನೋಡುವ ಮೇಷ್ಟರ ತಾಳ್ಮೆಯಿಂದ ಒಂದೊಂದೇ ಪ್ಲಾಸ್ಟಿಕ್ ಎಣಿಸಿದರು. ಬಿಸ್ಕತ್ತಿನ ಪೊಟ್ಟಣ ಮೂರು, ಚಾಕೊಲೇಟು ಏಳು, ಖರ್ಜೂರ ಒಂದು. ಭಾವಮೈದುನ ತನ್ನ ಲೆನ್ಸಿಗೆ ಮಳೆ ತಾಗದಿರಲೆಂದು ಬಟ್ಟೆ ಅಂಗಡಿಯ ಕವರು, ಅದರ ಮೇಲೆ ಅಕ್ಕಿಯ ಕವರು, ಅದರ ಮೇಲೆ ಇನ್ನೊಂದು, ಹೀಗೆ ಐದು ಸುತ್ತು ಸುತ್ತಿದ್ದ. ಅವರು ಈರುಳ್ಳಿ ಸುಲಿಯುವಂತೆ ಸುಲಿದು, "ಐದು" ಎಂದು ಬರೆದುಕೊಂಡು, ಕೊನೆಗೆ ಒಳಗಿನ ಲೆನ್ಸನ್ನು ನೋಡಿ, "ಇದಕ್ಕೆ ಇಷ್ಟು ಹೊದಿಕೆ, ನಿಮಗೆ ಒಂದು ಕೊಡೆ ಇಲ್ಲವಲ್ಲ ಸಾರ್" ಎಂದು ಮರುಗಿದರು.

ಅವರ ಎಣಿಕೆಯಲ್ಲಿ ತಪ್ಪಿಲ್ಲ, ಎಣಿಸಲೇಬೇಕು. ಆದರೆ ನನ್ನ ತಲೆ ಸುಮ್ಮನಿರುವುದಿಲ್ಲ. ಇದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಲ್ಲಿ 1976ರಲ್ಲಿ ಶುರುವಾದ ಸರ್ಕಾರಿ ಕಂಪನಿಯೊಂದು ಕಬ್ಬಿಣದ ಅದಿರಿಗಾಗಿ ಗುಡ್ಡಗಳನ್ನೇ ಕೆರೆದು, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಕಡಲಿಗೆ ಇಳಿಸಿತು. ದುಡ್ಡು ಹೂಡಿ ಅದಿರು ಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದವರು ಇರಾನಿನ ಶಹಾ. ಅದಿರು ಹೊರಡುವ ಹೊತ್ತಿಗೆ ಅಲ್ಲಿ ಕ್ರಾಂತಿಯಾಗಿ ಶಹಾ ಅವರೇ ದೇಶ ಬಿಟ್ಟು ಹೊರಟಿದ್ದರು. ವರ ಓಡಿಹೋದ ಮೇಲೂ ಚಪ್ಪರ ಬಿಚ್ಚದೆ ಊಟ ಬಡಿಸುತ್ತಲೇ ಇದ್ದ ಮದುವೆ ಅದು. ಸುಪ್ರೀಂ ಕೋರ್ಟು ಹೇಳಿ, 2005ರ ಕೊನೆಗೆ ಎಲೆ ಎತ್ತಿದರು. ಉಳಿದ ಕೆಸರು ಇಂದಿಗೂ ಲಕ್ಯಾ ಅಣೆಕಟ್ಟಿನ ಹಿಂದೆ ಮಲಗಿದೆ. ಅದನ್ನು ಯಾವ ರಿಜಿಸ್ಟರಿನಲ್ಲಿ 'ವಾಪಸು ತರತಕ್ಕದ್ದು' ಎಂದು ಬರೆದಿದ್ದಾರೋ ಕಾಣೆ. ನನ್ನ ಖರ್ಜೂರದ ಕವರಂತೂ ಬರೆಸಿಕೊಂಡಾಯಿತು.

ಏರು ಶುರುವಾಯಿತು. ಹೋಗಿಬರುವುದು ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರ್. ನಮ್ಮವರ ಕಾಲಿನಲ್ಲಿ ಹದಿನೈದು ಸಾವಿರದ ಬೂಟು, ನಮ್ಮನ್ನು ಕರೆದೊಯ್ದ ಸ್ಥಳೀಯ ಹುಡುಗನ ಕಾಲಿನಲ್ಲಿ ಹವಾಯಿ ಚಪ್ಪಲಿ. ಬೂಟಿನವರು ಜಾರುತ್ತಿದ್ದರು, ಚಪ್ಪಲಿಯವನು ಕೈ ಕೊಡುತ್ತಿದ್ದ. ಮೊದಲ ಹಳ್ಳ ದಾಟುವಷ್ಟರಲ್ಲಿ ಲೆನ್ಸು ಅವನ ಬೆನ್ನಿಗೆ ವರ್ಗವಾಯಿತು. ಹಿಂದಿನ ತಂಡದವನೊಬ್ಬ ಕಾಡಿನ ನಿಶ್ಶಬ್ದವನ್ನು ತುಂಬಿಸುವ ಹೊಣೆ ತನ್ನದೆಂದು ಪುಟ್ಟ ಸ್ಪೀಕರ್ ಹಚ್ಚಿದ್ದ. "ಆರಿಸಿ ಸಾರ್, ಸಿಂಗಳೀಕಗಳಿಗೂ ಈ ಹಾಡು ಬಾಯಿಪಾಠವಾಗಿಬಿಟ್ಟಿದೆ" ಎಂದು ಹುಡುಗ ಕೈಮುಗಿದ. ಇಂಬಳಗಳಿಗೆ 300ರ ಮಿತಿ ಅನ್ವಯಿಸುವುದಿಲ್ಲ. ಬುಕಿಂಗ್ ಇಲ್ಲದೆ, ಗುರುತಿನ ಚೀಟಿ ಇಲ್ಲದೆ, ಅವು ನಮ್ಮ ಕಾಲ್ಚೀಲಗಳಲ್ಲಿ ಜಾಗ ಹಿಡಿದವು. ಆ ದಿನ ಬೆಟ್ಟದಲ್ಲಿ ಫೋಟೊ ತೆಗೆಯದೆ ತಮ್ಮ ಕೆಲಸ ತಾವು ಮಾಡಿಕೊಂಡಿದ್ದ ಜೀವಿಗಳು ಅವು ಮಾತ್ರ.

ದಾರಿಯಲ್ಲಿ 'ಒಂಟಿ ಮರ' ಎಂಬ ತಾಣವಿದೆ. ಒಂದು ಮರ, ಸುತ್ತ ಹುಲ್ಲು, ಆಚೆಗೆ ಕಣಿವೆ. ಅಲ್ಲಿಗೆ ಬಂದಾಗ ದಾರಿ ನಿಂತುಹೋಗಿತ್ತು. ಏನೋ ಅವಘಡವೆಂದು ಗಾಬರಿಯಾಗಿ ಇಣುಕಿದೆ. ಸಾಲು. ರೇಷನ್ ಅಂಗಡಿಯ ಮುಂದೆ ಸೀಮೆಎಣ್ಣೆಗೆ ನಿಲ್ಲುತ್ತಿದ್ದೆವಲ್ಲ, ಅಂಥದೇ ಸಾಲು. ಮುಂದೆ ಹಳದಿ ಮಳೆಯಂಗಿಯ ಹುಡುಗಿಯೊಬ್ಬಳು ಮರದ ಕೆಳಗೆ ನಮಗೆ ಬೆನ್ನು ಹಾಕಿ, ಕಣಿವೆಯ ಕಡೆ ಮುಖಮಾಡಿ, ಜಗತ್ತಿನಲ್ಲಿ ತನಗೆ ಯಾರೂ ಇಲ್ಲವೆಂಬಂತೆ ನಿಂತಿದ್ದಳು. ಅವಳ ಹಿಂದೆ ನಾಲ್ವತ್ತೊಂದು ಮಂದಿ ಇದ್ದರು, ನಾನು ಎಣಿಸಿದೆ.

"ಇನ್ನೂ ಸ್ವಲ್ಪ ಒಂಟಿಯಾಗಿ ನಿಲ್ಲು" ಎಂದು ಅವಳ ಗೆಳೆಯ ಕೂಗಿದ. ಅವಳು ತಲೆ ತುಸು ಬಾಗಿಸಿ ಇನ್ನಷ್ಟು ಒಂಟಿಯಾದಳು. "ಕೊಡೆ ಕಾಣುತ್ತಿದೆ, ಸರಿಯಿರಿ" ಎಂದು ಪಕ್ಕದ ಮೂವರನ್ನು ಅಟ್ಟಿದ. ಸಾಲಿನಲ್ಲಿದ್ದ ಒಬ್ಬರು, "ಬೇಗ ಮುಗಿಸಮ್ಮ, ನಮಗೂ ಧ್ಯಾನದ ಒಂದು ತೆಗೆಯುವುದಿದೆ" ಎಂದು ಗದರಿದರು. ಇನ್ನೊಬ್ಬರು ತಾವು ಹೂವು ನೋಡಲು ಪಕ್ಕಕ್ಕೆ ಹೋಗಿದ್ದಾಗಲೂ ತಮ್ಮ ಜಾಗ ತಮ್ಮದೇ ಎಂದು ವಾದಿಸಿ, ಬೇಕಿದ್ದರೆ ಹಿಂದಿನವರನ್ನು ಕೇಳಿ ಎಂದು ಸಾಕ್ಷಿ ಕರೆದರು. ಹೂವು ನೋಡಲು ಸಾಲು ಬಿಟ್ಟವರ ಗತಿ ಇದು. ನಮ್ಮ ಎಕ್ಸೆಲ್ ಹಾಳೆಯ 9.40ರ ನಿಸರ್ಗ ಅಲ್ಲಿಗೆ ರದ್ದಾಯಿತು.

ಐವತ್ತು ನಿಮಿಷದ ಮೇಲೆ ಭಾವಮೈದುನನ ಪಾಳಿ ಬಂತು. ದೊಡ್ಡ ಲೆನ್ಸು ಅಷ್ಟು ಹತ್ತಿರದ ಮರಕ್ಕೆ ಆಗದು ಎಂದು ಆಗ ಗೊತ್ತಾಗಿ, ನನ್ನ ಮೊಬೈಲಿನಲ್ಲೇ ತೆಗೆದೆ. ಕೈ ಅಗಲಿಸಿ ನಿಂತ. ಮಂಜು ಬಂದು ಅವನನ್ನೂ ಮರವನ್ನೂ ನುಂಗಿತು. ಸಾಲಿನವರು ಗೊಣಗಿದರು. ಮಂಜು ಸರಿದ ಒಂದು ಗಳಿಗೆಯಲ್ಲಿ ಗುಂಡಿ ಒತ್ತಿದೆ.

ತುದಿಯಲ್ಲಿ ಎಲ್ಲವೂ ಬಿಳಿ. ಧೋಬಿ ಒಣಹಾಕಿದ ಪಂಚೆಯ ಮುಂದೆ ನಿಂತ ಹಾಗೆ. ನಮ್ಮಲ್ಲೊಬ್ಬರು, "ಕುದುರೆಯ ಮುಖ ಎಲ್ಲಿ ಕಾಣುತ್ತದೆ?" ಎಂದು ಕೇಳಿದರು. "ನೀವು ಅದರ ಮೇಲೆಯೇ ನಿಂತಿದ್ದೀರಿ ಸಾರ್" ಎಂದ ಹುಡುಗ. ಅವರಿಗೆ ಬೇಸರವಾಯಿತು. ಕೆಳಗಿನಿಂದ ನೋಡಿದರೆ ಕಾಣುತ್ತದೆ ಎಂದಿದ್ದರೆ ತಾವು ಕೆಳಗೇ ಇರುತ್ತಿದ್ದುದಾಗಿ ಹೇಳಿದರು.

ಇಳಿದು ಬಂದಾಗ ಕಾವಲುಗಾರರು ಮತ್ತೆ ಎಣಿಸಿದರು. ನನ್ನ ಖರ್ಜೂರ ಸರಿಹೋಯಿತು. ಭಾವಮೈದುನನ ಐದರಲ್ಲಿ ನಾಲ್ಕೇ ಇದ್ದವು. ಚೀಲ, ಜೇಬು, ಬೂಟು ಎಲ್ಲ ತಡಕಿ ಕೊನೆಗೆ ಸಿಕ್ಕಿದ್ದು ಆ ಹುಡುಗನ ತಲೆಯ ಮೇಲೆ. ಮಳೆ ಜೋರಾದಾಗ ಅಕ್ಕಿಯ ಕವರನ್ನು ಟೊಪ್ಪಿ ಮಾಡಿಕೊಂಡಿದ್ದ. ಇಡೀ ಪ್ರವಾಸದಲ್ಲಿ ನಾವು ಹೊತ್ತೊಯ್ದ ಸಾಮಾನುಗಳ ಪೈಕಿ ಉಪಯೋಗಕ್ಕೆ ಬಂದದ್ದು ಅದೊಂದೇ. ಲೆನ್ಸು ಹೊರಬಂದದ್ದು ಸಂಜೆ, ಉಳಿದುಕೊಂಡ ಮನೆಯ ಅಂಗಳದಲ್ಲಿದ್ದ ಹುಂಜದ ಚಿತ್ರಕ್ಕೆ. ಹುಂಜ ತೀರಾ ಹತ್ತಿರವಾಯಿತೆಂದು ಹಿಂದೆ ಹಿಂದೆ ಸರಿಯುತ್ತಾ ಅಡಕೆ ತೋಟದ ಕಾಲುವೆಗೆ ಬಿದ್ದ. ಹುಂಜ ಮಾತ್ರ ಎಲ್ಲಿತ್ತೋ ಅಲ್ಲಿಯೇ ನಿಂತು ನೋಡಿತು.

ಬೆಂಗಳೂರಿಗೆ ಬಂದ ಮೇಲೆ ಒಂಟಿ ಮರದ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ, ಎಡಗಡೆ ಮುಂದಿನ ಪಾಳಿಯವರ ಕೆಂಪು ಮೊಣಕೈ, ಬಲಗಡೆ ಅರ್ಧ ಕೊಡೆ, ಮಂಜಿನಲ್ಲಿ ಎರಡು ಜೊತೆ ಕಾಲು. ಜನರನ್ನು ಅಳಿಸುವ ಆ್ಯಪ್ ಇದೆ ಎಂದು ನನ್ನ ಮಗಳು ಹಾಕಿಕೊಟ್ಟಳು. ಅದು ಮೊಣಕೈ ಅಳಿಸಿತು, ಕೊಡೆ ಅಳಿಸಿತು, ಕಾಲುಗಳನ್ನು ಅಳಿಸಿತು. ಮರ ಕೂಡ ಯಾರೋ ಕೈ ಅಗಲಿಸಿ ನಿಂತ ಹಾಗಿತ್ತಲ್ಲ, ಅದನ್ನೂ ಅಳಿಸಿತು. ಉಳಿದದ್ದು ಬಿಳಿ ಮಂಜು, ನಡುವೆ ಭಾವಮೈದುನ. 'ನಾನು ಮತ್ತು ಮೌನ' ಎಂದು ಬರೆದು ಹಾಕಿದ.

ಮೊದಲ ಪ್ರತಿಕ್ರಿಯೆ ಐದು ನಿಮಿಷದಲ್ಲಿ ಬಂತು: "ಎಷ್ಟು ನೆಮ್ಮದಿಯ ಜಾಗ! ಎಲ್ಲಿ ಇದು? ನಾವು ಇಪ್ಪತ್ತೆರಡು ಜನ ಇದ್ದೇವೆ."