ಗಾಜಿಗೆ ಬೆಳಕು ಹೊಡೆಯಬೇಡಿ ಮಾರಾಯರೇ

ಮೂರು ದಿನದಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ಇನ್ನು ಆಗುವುದಿಲ್ಲ. ಬೀಗರ ಕಡೆಯವರು ಈ ಖಾತೆಯಲ್ಲಿ ಇಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಇದ್ದರೆ ಓದಿ ಸುಮ್ಮನಿರಲಿ.

ಶಿರಸಿಯ ಹತ್ತಿರದ ತಂಗಿಯ ಮನೆಗೆ ಹೋಗಿದ್ದೆ. ಅವಳೂ ಊರಿನ ಐದಾರು ಹೆಂಗಸರೂ ಸೇರಿ ಮುರುಗಲು ಪಾನಕ, ಜೋನಿ ಬೆಲ್ಲ ಎಂಬ ದ್ರವ ಬೆಲ್ಲ, ಜೇನುತುಪ್ಪ ಮಾರುತ್ತಿರುವ ವಿಷಯವನ್ನು ಇಲ್ಲಿ ಎಷ್ಟು ಸಲ ಬರೆದು ನಿಮ್ಮ ತಲೆ ತಿಂದಿದ್ದೇನೆ ಎನ್ನುವುದು ನಿಮಗೇ ಗೊತ್ತು. (ಮುರುಗಲು ಎಂದರೆ ಕೋಕಂ. ದಕ್ಷಿಣ ಕನ್ನಡದವರು ಪುನರ್ಪುಳಿ ಎಂದು ಓದಿಕೊಳ್ಳಿ, ಜಗಳ ಬೇಡ.) ಈ ವರ್ಷ ಪ್ಲಾಸ್ಟಿಕ್ ಬಿಟ್ಟು ಗಾಜಿನ ಬಾಟಲಿಗೆ ಬದಲಾಗಿದ್ದಾರೆ. ಹೊಸ ಬಾಟಲಿ ಎಂದ ಮೇಲೆ ಹೊಸ ಫೋಟೋ ಬೇಕಲ್ಲ. ಫೋಟೋ ತೆಗೆಯಲು ಭಾವನ ಕಡೆಯ ಸಂಬಂಧದ ಹುಡುಗನೊಬ್ಬ ಹುಬ್ಬಳ್ಳಿಯಿಂದ ಬಂದಿದ್ದ. ಸ್ವಂತ ಅಣ್ಣ ಇಪ್ಪತ್ತು ವರ್ಷದಿಂದ ಕ್ಯಾಮೆರಾ ಹಿಡಿದೇ ಅನ್ನ ತಿನ್ನುತ್ತಿರುವಾಗ ಹೊರಗಿನವನು ಯಾಕೆ ಎಂದು ಕೇಳಬೇಡಿ. ನಮ್ಮ ಕೆಲಸವನ್ನು ನಮ್ಮ ಮನೆಯವರು ನಂಬಿದ್ದು ಯಾವ ಕಾಲದಲ್ಲಿ?

ಹುಡುಗ ಕಾರಿನಿಂದ ಮೂರು ಲೈಟು ಇಳಿಸಿದ. ಮೂರಕ್ಕೂ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆದುಗೊಳಿಸುವ ಬಿಳಿ ಬಟ್ಟೆಯ ಪೆಟ್ಟಿಗೆ), ಮೂರಕ್ಕೂ ಸ್ಟ್ಯಾಂಡ್. ಒಳಕೋಣೆಯ ಮೇಜಿನ ಮೇಲೆ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಎಡಕ್ಕೊಂದು, ಬಲಕ್ಕೊಂದು, ತಲೆಯ ಮೇಲೊಂದು ಲೈಟು ಹಚ್ಚಿದ. ಮದುವೆ ಮನೆಯಲ್ಲಿ ಗಂಡು ಹೆಣ್ಣನ್ನು ನಿಲ್ಲಿಸಿದ ಹಾಗೆ. ಕ್ಯಾಮೆರಾದ ಹಿಂಬದಿಯ ಪರದೆಯನ್ನು ಇಣುಕಿ ನೋಡಿದೆ. ಒಂದೊಂದು ಬಾಟಲಿಯ ಮೈಮೇಲೂ ಎರಡು ಬಿಳಿ ಆಯತ, ಭುಜದ ಮೇಲೆ ಇನ್ನೊಂದು. ಮುರುಗಲಿನ ಆ ರಕ್ತಗೆಂಪು ಬಣ್ಣ ಹಳಸಿದ ಡಿಕಾಕ್ಷನ್ನಿನ ಕಪ್ಪಾಗಿತ್ತು. ಹುಡುಗನಿಗೂ ಎಲ್ಲೋ ಸರಿಯಿಲ್ಲ ಎನಿಸಿರಬೇಕು. ಲೈಟುಗಳನ್ನು ಇನ್ನಷ್ಟು ಹತ್ತಿರ ತಂದ. ಆಯತಗಳು ಇನ್ನಷ್ಟು ದೊಡ್ಡವಾದವು.

ಅಷ್ಟರಲ್ಲಿ ಕರೆಂಟು ಹೋಯಿತು. ಮಲೆನಾಡಿನ ಮಳೆಗಾಲ, ಹೋಗದಿದ್ದರೆ ಆಶ್ಚರ್ಯ.

ಆಗ ನಡೆದದ್ದನ್ನು ನೀವು ನೋಡಬೇಕಿತ್ತು. ಮೇಜಿನ ಹಿಂದೆ ಒಂದೇ ಒಂದು ಕಿಟಕಿ. ಮಳೆಗೆ ಬಟ್ಟೆ ಒಣಗುವುದಿಲ್ಲವೆಂದು ಅದಕ್ಕೆ ಅಡ್ಡಲಾಗಿ ಹಗ್ಗ ಕಟ್ಟಿ ಭಾವನ ಬಿಳಿ ಪಂಚೆ ಹರವಿದ್ದರು. ಉಳಿದ ಕೋಣೆಯೆಲ್ಲ ಕತ್ತಲು. ಆ ಪಂಚೆಯನ್ನು ಹಾಯ್ದು ಬಂದ ಮೋಡದ ಬೆಳಕು ಬಾಟಲಿಗಳ ಬೆನ್ನಿಗೆ ಬಿದ್ದದ್ದೇ ತಡ, ಮುರುಗಲು ಒಳಗಿನಿಂದ ಹೊತ್ತಿಕೊಂಡಿತು. ಬಾಟಲಿಯ ಎರಡೂ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಎಳೆದಂಥ ಕಪ್ಪು ಗೆರೆ. ಒಂದೇ ಒಂದು ಬಿಳಿ ಕಲೆ ಇಲ್ಲ. ಜೇನುತುಪ್ಪದ ಬಾಟಲಿಯಲ್ಲಿ ಸೂರ್ಯನೇ ಕೂತಿದ್ದ. ಲೇಬಲ್ ಮಾತ್ರ ಕಪ್ಪಾಗಿತ್ತು, ಅದರ ಮಾತು ಆಮೇಲೆ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಹುಡುಗ ಮೊಬೈಲ್ ನೋಡುತ್ತಿದ್ದ.

ಇಪ್ಪತ್ತು ನಿಮಿಷಕ್ಕೆ ಕರೆಂಟು ಬಂತು. “ಅಂಕಲ್, ಸ್ವಲ್ಪ ಪಕ್ಕಕ್ಕೆ ಬನ್ನಿ” ಎಂದು ಮೂರೂ ಲೈಟು ಮತ್ತೆ ಹಚ್ಚಿದ. ಒಗೆದ ಬಟ್ಟೆ ಫೋಟೋದಲ್ಲಿ ಬರುತ್ತದೆಂದು ಪಂಚೆಯನ್ನೂ ತೆಗೆಸಿದ.

ನಾನು ಸತ್ತೆ.

ಗಾಜು ಗೋಡೆಯಲ್ಲ, ಮುಖವೂ ಅಲ್ಲ. ಮುಖಕ್ಕೆ ಬೆಳಕು ಬಿಟ್ಟರೆ ಅದು ಎಲ್ಲ ದಿಕ್ಕಿಗೂ ಚೆದರುತ್ತದೆ, ಆದ್ದರಿಂದ ಮುಖ ಕಾಣುತ್ತದೆ. ಗಾಜಿಗೆ ಎದುರಿನಿಂದ ಬಿಟ್ಟ ಬೆಳಕಿನಲ್ಲಿ ಒಂದು ಮೇಲ್ಮೈಗೆ ನೂರಕ್ಕೆ ನಾಲ್ಕು ಪಾಲಿನಷ್ಟು ಹಿಂದಿರುಗುತ್ತದೆ, ಮಿಕ್ಕದ್ದು ಹಾಯ್ದು ಹೋಗುತ್ತದೆ. ಆ ನಾಲ್ಕು ಪಾಲೂ ಕನ್ನಡಿಯಲ್ಲಿ ಬಂದ ಹಾಗೆ ಬರುತ್ತದೆ. ಅಂದರೆ ಎದುರಿನ ಲೈಟಿನಿಂದ ನಿಮಗೆ ಸಿಗುವುದು ಗಾಜಿನ ಚಿತ್ರವಲ್ಲ, ಲೈಟಿನ ಚಿತ್ರ. ಒಂದು ಲೈಟು ಇಟ್ಟರೆ ಒಂದು, ಮೂರು ಇಟ್ಟರೆ ಮೂರು. ಗಾಜು ಕಾಣಬೇಕೆಂದರೆ ಅದರ ಹಿಂದೆ ಏನಿದೆ ಎಂಬುದಕ್ಕೆ ಬೆಳಕು ಕೊಡಬೇಕು, ಗಾಜಿಗಲ್ಲ. ಇಷ್ಟೇ ವಿಷಯ. ಇದನ್ನು ಹೇಳಲು ನನಗೆ ಕರೆಂಟು ಹೋಗಬೇಕಾಯಿತು.

ಹೀಗೆ ಉಪದೇಶ ಮಾಡುವ ನಾನೇನು ಹುಟ್ಟುವಾಗಲೇ ಕಲಿತು ಬಂದವನಲ್ಲ. ಸ್ಟುಡಿಯೋ ಇದ್ದ ಕಾಲದಲ್ಲಿ (ಅದು ಮುಚ್ಚಿದ ಕಥೆ ಬೇಡ, ಬಲ್ಲವರು ಬಲ್ಲರು) ಒಂದು ಹೋಟೆಲಿನವರು ಹಣ್ಣಿನ ರಸದ ಲೋಟಗಳ ಫೋಟೋ ಕೇಳಿದ್ದರು. ನಾಲ್ಕು ಲೈಟು ಹಚ್ಚಿದೆ. ಸಾಲದೆನಿಸಿ ಕ್ಯಾಮೆರಾದ ಫ್ಲಾಶನ್ನೂ ಹೊಡೆದೆ. ಮಾಲೀಕರು ಫೋಟೋ ನೋಡಿ ಬಹಳ ಮರ್ಯಾದೆಯಿಂದ ಕೇಳಿದರು: “ಇವು ಗಾಜಿನ ಲೋಟಗಳೋ, ಅಲ್ಯುಮಿನಿಯಮ್ಮೋ?” ಆ ನಾಲ್ಕರಲ್ಲಿ ಎರಡು ಲೈಟುಗಳನ್ನು ಕಂತಿನಲ್ಲಿ ಕೊಂಡಿದ್ದೆ. ಕಂತು ತೀರುವ ಮೊದಲೇ ಅವು ಅಟ್ಟ ಸೇರಿದವು. ಈಗಲೂ ಅಲ್ಲಿವೆ, ಕಂಬಳಿಗಳ ಪಕ್ಕದಲ್ಲಿ. ಹೆಂಡತಿ ದೀಪಾವಳಿಗೆ ಅಟ್ಟ ಗುಡಿಸುವಾಗಲೆಲ್ಲ “ಇವನ್ನು ಏನು ಮಾಡೋಣ?” ಎಂದು ಕೇಳುತ್ತಾಳೆ. ನಾನು ಕೇಳಿಸದವನ ಹಾಗೆ ಇರುತ್ತೇನೆ.

ಆದ್ದರಿಂದ ನನ್ನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ. ಉಳಿದರ್ಧವನ್ನು ಮಾತ್ರ ಆ ಹುಡುಗನಿಗೆ ಕೊಡುತ್ತೇನೆ, ಅವನಿಗೆ ಅದು ಸಲ್ಲಬೇಕಾದದ್ದೇ.

ಊರಿನಿಂದ ಬಂದ ಮರುದಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಹಠಕ್ಕೆ. ಒಂದು ಟೇಬಲ್ ಲ್ಯಾಂಪ್, ಅದಕ್ಕೆ ಒಂಬತ್ತು ವ್ಯಾಟಿನ ಎಲ್ಇಡಿ ಬಲ್ಬು. ಎರಡು ಕುರ್ಚಿಗಳ ನಡುವೆ ನನ್ನ ಪಂಚೆಯನ್ನು ಬಟ್ಟೆ ಕ್ಲಿಪ್ಪು ಹಾಕಿ ಬಿಗಿಯಾಗಿ ಕಟ್ಟಿದೆ. ಸುಕ್ಕು ಇದ್ದರೆ ಗಾಜಿನೊಳಗೂ ಸುಕ್ಕೇ ಕಾಣುತ್ತದೆ, ಇಸ್ತ್ರಿ ಮಾಡಿದ್ದೇ ಆಗಬೇಕು. ಪಂಚೆಯ ಹಿಂದೆ ಲ್ಯಾಂಪು, ಮುಂದೆ ಒಂದೂವರೆ ಅಡಿ ಬಿಟ್ಟು ತಂಗಿ ಕೊಟ್ಟ ಬಾಟಲಿ. ಲ್ಯಾಂಪನ್ನು ಪಂಚೆಗೆ ತಾಗಿಸಿ ಇಟ್ಟರೆ ನಡುವೆ ಹುಣ್ಣಿಮೆ, ಸುತ್ತ ಅಮಾವಾಸ್ಯೆ. ಹಿಂದಕ್ಕೆ ಸರಿಸಿದಷ್ಟೂ ಬೆಳಕು ಹರಡಿ ಸಮವಾಗುತ್ತದೆ. ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಹುದು. ನನಗೆ ಎರಡರ ನಡುವಿನದು ಇಷ್ಟ.

ಮೊದಲ ಫೋಟೋದಲ್ಲಿ ಬಾಟಲಿಯ ಅಂಚು ಮಾಯವಾಗಿ ಬಿಳಿಯಲ್ಲಿ ಬಿಳಿ ಕರಗಿಹೋಗಿತ್ತು. ಕಾರಣ ಪಂಚೆಯೇ. ಅದು ಅಗಲವಾಗಿತ್ತು. ಗಾಜಿನ ಅಂಚು ವಕ್ರವಾಗಿರುವುದರಿಂದ ಅದು ನೇರ ಹಿಂದಿನದನ್ನು ತೋರಿಸುವುದಿಲ್ಲ, ಬದಿಯಲ್ಲಿ ಇರುವುದನ್ನು ಬಾಗಿಸಿ ತರುತ್ತದೆ. ಬದಿಯಲ್ಲೂ ಬಿಳಿಯೇ ಇದ್ದರೆ ಅಂಚೂ ಬಿಳಿ. ಮಗಳ ಶಾಲೆಯ ಕಪ್ಪು ಚಾರ್ಟ್ ಪೇಪರನ್ನು ಎರಡು ಪಟ್ಟಿ ಕತ್ತರಿಸಿ ಫೋಟೋದ ಚೌಕಟ್ಟಿನ ಹೊರಗೆ, ಬಾಟಲಿಯ ಎಡಬಲದಲ್ಲಿ ನಿಲ್ಲಿಸಿದೆ. ಗೆರೆ ಬಂತು. ಪಟ್ಟಿಯನ್ನು ಹತ್ತಿರ ತಂದರೆ ದಪ್ಪ ಗೆರೆ, ದೂರ ಒಯ್ದರೆ ತೆಳು ಗೆರೆ. ಕುಂಚದಲ್ಲಿ ಬರೆದ ಹಾಗೆ. ಒಂದು ಗಂಟೆ ಅದನ್ನೇ ಹಿಂದೆ ಮುಂದೆ ಸರಿಸುತ್ತ ಕೂತಿದ್ದೆ, ಊಟಕ್ಕೆ ಕರೆದದ್ದು ಕೇಳಿಸಲಿಲ್ಲ.

ಆಮೇಲೆ ಇದನ್ನೇ ತಿರುವುಮುರುವು ಮಾಡಿದೆ. ಪಟ್ಟಿ ತೆಗೆದು, ಪಂಚೆಯ ನಟ್ಟನಡುವೆ ಕಪ್ಪು ಚಾರ್ಟನ್ನೇ ನೇತುಹಾಕಿದೆ, ಕ್ಯಾಮೆರಾಕ್ಕೆ ಹಿನ್ನೆಲೆಯಾಗಿ ಕಪ್ಪು ಮಾತ್ರ ಕಾಣುವಷ್ಟು. ಬೆಳಕು ಅದರ ಸುತ್ತಲಿಂದ ಮಾತ್ರ ಬರಬೇಕು. ಈ ಸಲ ನಿಲ್ಲಿಸಿದ್ದು ನನ್ನ ಮೇಜಿನ ಮೇಲಿನ ಹಳೆಯ ಗೋಲಿ ಸೋಡಾ ಬಾಟಲಿ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಆಕಾರ, ನಮ್ಮ ಜಾತ್ರೆಗಳಲ್ಲಿ ಇನ್ನೂ ಬದುಕಿದೆ. ಕತ್ತಲಿನಲ್ಲಿ ಅದರ ಹಿಂಡಿದಂಥ ಕುತ್ತಿಗೆ, ಗೋಲಿಯ ಗುಂಡು, ದಪ್ಪ ತಳ ಎಲ್ಲವೂ ಬರೀ ಹೊಳೆಯುವ ಗೆರೆಗಳಾಗಿ ಎದ್ದು ನಿಂತವು. ಗಾಜಿನೊಳಗಿನ ಕಬ್ಬಿಣದಂಶದ ಹಸಿರು ಛಾಯೆ ಅಂಚಿನಲ್ಲಷ್ಟೇ ಮಿನುಗುತ್ತಿತ್ತು. ಇಷ್ಟಕ್ಕೂ ಅದೇ ಒಂಬತ್ತು ವ್ಯಾಟು, ಅದೇ ಪಂಚೆ.

“ದೊಡ್ಡ ಕಂಪನಿಗಳ ಜಾಹೀರಾತಿಗೆ ಐದಾರು ಲೈಟು ಇಡುತ್ತಾರಲ್ಲ ಸ್ವಾಮಿ?” ಎಂದು ಕೇಳುವವರು ಇಲ್ಲೇ ಕೆಳಗೆ ಬರುತ್ತೀರಿ, ನನಗೆ ಗೊತ್ತು. ಇಡುತ್ತಾರೆ. ಹಿಂದಿನದು ಗಾಜಿಗೆ, ಇನ್ನೊಂದು ಲೇಬಲ್ಲಿಗೆ, ಮತ್ತೊಂದು ಮುಚ್ಚಳಕ್ಕೆ. ಒಂದೊಂದಕ್ಕೂ ಒಂದೊಂದು ಕೆಲಸ ಇರುತ್ತದೆ. ನಮ್ಮ ಹುಡುಗನ ಮೂರು ಲೈಟೂ ಮಾಡುತ್ತಿದ್ದದ್ದು ಒಂದೇ ಕೆಲಸ, ಅದೂ ಕೆಡಿಸುವ ಕೆಲಸ. ಆದ್ದರಿಂದ ಆ ವಾದ ಇಲ್ಲಿ ನಡೆಯುವುದಿಲ್ಲ.

ಲೇಬಲ್ಲಿನ ಮಾತು ಮಾತ್ರ ನಿಜ, ಒಪ್ಪುತ್ತೇನೆ. ಹಿಂದಿನಿಂದ ಬೆಳಕು ಬಂದರೆ ಕಾಗದ ಕಪ್ಪಾಗುತ್ತದೆ, ತಂಗಿಯ ಸಂಘದ ಹೆಸರೇ ಓದಲಾಗುವುದಿಲ್ಲ. ಆದರೆ ಅದಕ್ಕೂ ಎರಡನೇ ಲೈಟು ಬೇಡ. ಗಣಪತಿ ಮಂಟಪಕ್ಕೆ ತಂದು ಉಳಿದ ಥರ್ಮೋಕೋಲಿನ ಅಂಗೈಯಗಲದ ಚೂರನ್ನು ಲೆನ್ಸಿನ ಕೆಳಗೆ ಹಿಡಿದರೆ ಹಿಂದಿನಿಂದ ಬಂದ ಬೆಳಕೇ ತಿರುಗಿ ಲೇಬಲ್ಲಿಗೆ ಬೀಳುತ್ತದೆ. ಅದೂ ಸಾಲದಿದ್ದರೆ ಗಡ್ಡ ಹೆರೆಯುವ ಕನ್ನಡಿ. ಜೋನಿ ಬೆಲ್ಲ ಕಪ್ಪು ಹಿನ್ನೆಲೆಯಲ್ಲಿ ಮಂಕಾಯಿತೆಂದು ಸಿಹಿ ಡಬ್ಬಿಯೊಳಗಿನ ಬಂಗಾರದ ಬಣ್ಣದ ಕಾಗದವನ್ನು ಬಾಟಲಿಗಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ ಅದರ ಬೆನ್ನಿಗೆ ವಾರೆಯಾಗಿ ನಿಲ್ಲಿಸಿದೆ. ಬೆಲ್ಲ ನಕ್ಕಿತು.

ಇನ್ನು ಕೆಲವರು, “ಕಲೆ ಬಿದ್ದರೇನು, ಎಡಿಟಿಂಗಿನಲ್ಲಿ ಅಳಿಸಿದರಾಯಿತು” ಎನ್ನುತ್ತಾರೆ. ಆ ಹುಡುಗನೂ ತಂಗಿಗೆ ಅದನ್ನೇ ಹೇಳಿದ. ನಲವತ್ತು ಫೋಟೋ, ಫೋಟೋಕ್ಕೆ ಮೂರು ಕಲೆ. ಕಲೆಯನ್ನು ಅಳಿಸಬಹುದಪ್ಪಾ, ಒಳಗೆ ಇಲ್ಲದ ಕೆಂಪನ್ನು ಎಲ್ಲಿಂದ ತರುತ್ತೀಯ? ಮುರುಗಲಿನ ಹಣ್ಣಿಗೆ ಸಕ್ಕರೆ ಹಾಕಿ, ದಿನಗಟ್ಟಲೆ ಬಿಸಿಲಿಗಿಟ್ಟು ತೆಗೆದ ಬಣ್ಣ ಅದು. ಕಂಪ್ಯೂಟರಿನಲ್ಲಿ ಕೆಂಪು ಸುರಿದರೆ ನೋಡುವವರು ಅದನ್ನು ಪೇಟೆಯ ಬಣ್ಣದ ನೀರು ಎಂದುಕೊಳ್ಳುತ್ತಾರೆ. ಆ ಹೆಂಗಸರ ಬೇಸಿಗೆಯೆಲ್ಲ ಅದರೊಳಗೆ ಇದೆ ಎನ್ನುವುದು ಬೆಳಕು ಹಾಯ್ದರೆ ಮಾತ್ರ ಕಾಣುವುದು.

ಒಂದು ಲೈಟಿನ ಕೆಲಸದಲ್ಲಿ ನಿಜವಾದ ಕಷ್ಟ ಇರುವುದು ಬೇರೆ ಕಡೆ, ಅದನ್ನು ಯಾರೂ ಹೇಳುವುದಿಲ್ಲ. ಒರೆಸುವುದು! ಬೆನ್ನಿನ ಬೆಳಕಿನಲ್ಲಿ ಬೆರಳಚ್ಚು, ಧೂಳು, ಅಂಟಿನ ಕಲೆ ಎಲ್ಲವೂ ಪೊಲೀಸ್ ತನಿಖೆಯ ಹಾಗೆ ಬಯಲಾಗುತ್ತವೆ. ಒಂದು ಬಾಟಲಿಯನ್ನು ಅರ್ಧ ಗಂಟೆ ಒರೆಸಿದ್ದೇನೆ. ಹತ್ತಿ ಬಟ್ಟೆ ನೂಲು ಬಿಡುತ್ತದೆ, ಕನ್ನಡಕದ ಬಟ್ಟೆಯೇ ವಾಸಿ. ಮತ್ತೆ ಕ್ಯಾಮೆರಾ ಬಿಳಿ ಹಿನ್ನೆಲೆ ನೋಡಿದ ತಕ್ಷಣ ಹೆದರಿ ಎಲ್ಲವನ್ನೂ ಬೂದಿ ಬಣ್ಣ ಮಾಡುತ್ತದೆ. ಅದರ ಮಾತು ಕೇಳದೆ ಬೆಳಕನ್ನು ಒಂದು, ಒಂದೂವರೆ ಸ್ಟಾಪ್ ಏರಿಸಬೇಕು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಮೊಬೈಲಿನಲ್ಲಾದರೆ ಪರದೆಯನ್ನು ಒತ್ತಿ ಹಿಡಿದು ಆ ಸೂರ್ಯನ ಗುರುತನ್ನು ಮೇಲಕ್ಕೆ ಎಳೆದರೆ ಸಾಕು. ಹೌದು, ಮೊಬೈಲಿನಲ್ಲೂ ಆಗುತ್ತದೆ. ಕೋಣೆಯ ಉಳಿದ ದೀಪ ಆರಿಸಿ, ಕಪ್ಪು ಅಂಗಿ ಹಾಕಿಕೊಂಡು ನಿಲ್ಲಿ. ಇಲ್ಲವಾದರೆ ಬಾಟಲಿಯ ಹೊಟ್ಟೆಯಲ್ಲಿ ನೀವೇ ಇರುತ್ತೀರಿ.

ಹಾಗಾದರೆ ಅಲ್ಲಿಯೇ ಹುಡುಗನಿಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹೇಳಿದೆ, ಒಂದೇ ಒಂದು ಸಲ. “ಆ ಪಂಚೆ ಇದ್ದರೆ ಚೆನ್ನಾಗಿತ್ತೇನೋ” ಎಂದೆ. ಅವನು ನಕ್ಕು, “ಅಂಕಲ್, ನಿಮ್ಮದು ಫಿಲ್ಮ್ ಕಾಲ” ಎಂದ. ಭಾವ ಪಕ್ಕದಲ್ಲೇ ನಿಂತಿದ್ದರು. ನಾನು ಅಡುಗೆಮನೆಗೆ ಹೋಗಿ ಎರಡನೇ ಸಲ ಚಹಾ ಕುಡಿದೆ.

ಇದನ್ನು ಬರೆಯುತ್ತಿರುವಾಗಲೇ ತಂಗಿಯ ಫೋನ್ ಬಂತು. ಹುಡುಗ ಫೋಟೋ ಕಳಿಸಿದ್ದಾನಂತೆ. ಹೇಗಿವೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಅಣ್ಣ, ಜೇನುತುಪ್ಪದ ಬಾಟಲಿಯ ಫೋಟೋ ದೊಡ್ಡದು ಮಾಡಿ ನೋಡಿದೆ. ಲೈಟಿನ ಪಕ್ಕದಲ್ಲಿ ನೀನು ಕೈ ಕಟ್ಟಿಕೊಂಡು ನಿಂತಿದ್ದೀಯ. ಮುಖ ಮಾತ್ರ ಸುಟ್ಟ ಬದನೆಕಾಯಿಯ ಹಾಗಿದೆ.”

ಬಾಟಲಿಗಳನ್ನು ಬಸ್ಸಿಗೆ ಹಾಕಿ ಕಳಿಸು ಎಂದಿದ್ದೇನೆ. ಪಂಚೆ ನನ್ನ ಹತ್ತಿರವೇ ಇದೆ.